ಎಂಜಿನ್ ನಂಬರು ೪೪೭೨

೧೯೨೩ರಲ್ಲಿ ಆ ಎಂಜಿನ್ನನ್ನು ಕಟ್ಟಲು ತಗುಲಿದ ಖರ್ಚು ೭,೯೪೪ ಪೌಂಡು. ನಲವತ್ತು ವರ್ಷ ದುಡಿದು, ಇಪ್ಪತ್ತು ಲಕ್ಷ ಮೈಲಿಗೂ ಮಿಕ್ಕಿ ಓಡಿ, ಇನ್ನು ಇದರಿಂದ ಪ್ರಯೋಜನವಿಲ್ಲವೆಂದು ರೈಲ್ವೆಯವರು ಕೈಬಿಟ್ಟಾಗ ಅದಕ್ಕೆ ಬಂದ ಬೆಲೆ ೩,೦೦೦ ಪೌಂಡು. ಅಂದರೆ ಹಳೆಯ ಕಬ್ಬಿಣದ ಬೆಲೆ. ಮತ್ತೆ ಹತ್ತು ವರ್ಷ ಕಳೆದ ಮೇಲೆ ಅದೇ ಎಂಜಿನ್ನು ೨೫,೦೦೦ ಪೌಂಡಿಗೆ ಕೈ ಬದಲಾಯಿಸಿತು. ೨೦೦೪ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದವರು ಅದನ್ನು ಕೊಂಡದ್ದು ೨೩ ಲಕ್ಷ ೧೦ ಸಾವಿರ ಪೌಂಡಿಗೆ. ಕೊಂಡ ಮೇಲೆ ಅದು ಓಡುವಂತೆ ಮಾಡಲು ಸುರಿದ ಹಣ ೪೨ ಲಕ್ಷ. ಎತ್ತು ಮುದಿಯಾದಂತೆ ಸಂತೆಯಲ್ಲಿ ಅದರ ಬೆಲೆ ಇಳಿಯುವುದು ಲೋಕರೂಢಿ. ಈ ಎತ್ತಿನ ಬೆಲೆ ಮಾತ್ರ ಮುಪ್ಪಿನಲ್ಲಿಯೇ ಏರಿತು. ಏರುವ ದಾರಿಯಲ್ಲಿ ತನ್ನನ್ನು ಸಾಕಿದ ಯಜಮಾನರಲ್ಲಿ ಇಬ್ಬರನ್ನು ದಿವಾಳಿಯನ್ನೂ ಎಬ್ಬಿಸಿತು.

‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಹೆಸರನ್ನು ಕೇಳದವರು ವಿರಳ. ಆದರೆ ಆ ಹೆಸರು ಒಂದು ರೈಲಿನದೋ ಒಂದು ಎಂಜಿನ್ನಿನದೋ ಎಂಬ ವಿಷಯದಲ್ಲಿ ಅನೇಕರಿಗೆ ಇಂದಿಗೂ ಗೊಂದಲವುಂಟು. ಎರಡೂ ಹೌದು. ರೈಲು ಹಳೆಯದು. ೧೮೬೨ರಿಂದ ದಿನವೂ ಬೆಳಗಿನ ಹತ್ತು ಗಂಟೆಗೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಒಂದು ಗಾಡಿ, ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಎಡಿನ್‌ಬರೊದಿಂದ ಇನ್ನೊಂದು ಗಾಡಿ, ಎದುರುಬದುರಾಗಿ ಹೊರಡುತ್ತಿದ್ದವು. ಅದರ ಅಧಿಕೃತ ಹೆಸರು ಬೇರೆ ಇದ್ದರೂ ಜನರ ಬಾಯಲ್ಲಿ ಅದು ಫ್ಲೈಯಿಂಗ್ ಸ್ಕಾಟ್ಸ್‌ಮನ್ ಆಗಿಹೋಗಿತ್ತು. ಜನ ಇಟ್ಟ ಹೆಸರನ್ನು ರೈಲ್ವೆ ಕಂಪನಿ ಒಪ್ಪಿಕೊಂಡದ್ದು ೧೯೨೪ರಲ್ಲಿ. ಅದೇ ವರ್ಷ ತನ್ನ ಒಂದು ಎಂಜಿನ್ನಿಗೂ ಅದೇ ಹೆಸರನ್ನು ಕೊಟ್ಟು ಮುಂದಿನ ಪೀಳಿಗೆಗಳನ್ನೆಲ್ಲ ಗೊಂದಲಕ್ಕೆ ಸಿಕ್ಕಿಸಿತು. ನಾವು ಇಲ್ಲಿ ಹೇಳಹೊರಟಿರುವುದು ಆ ಎಂಜಿನ್ನಿನ ಕಥೆ.

ಅದು ಹುಟ್ಟಿದ್ದು ಇಂಗ್ಲೆಂಡಿನ ಡಾನ್‌ಕಾಸ್ಟರ್ ಕಾರ್ಖಾನೆಯಲ್ಲಿ. ಅದನ್ನು ರೂಪಿಸಿದವರು ಮುಖ್ಯ ಎಂಜಿನಿಯರರಾಗಿದ್ದ ನೈಜೆಲ್ ಗ್ರೆಸ್ಲಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ರಯಾಣಿಕರು ಹೆಚ್ಚಿದ್ದರು, ಗಾಡಿಗಳು ಉದ್ದವಾಗಿದ್ದವು, ಹಳೆಯ ಎಂಜಿನ್ನುಗಳಿಗೆ ಭಾರ ತಾಳದಾಗಿತ್ತು. ಗ್ರೆಸ್ಲಿಯವರು ದೊಡ್ಡ ಬಾಯ್ಲರು, ಅಗಲವಾದ ಒಲೆ, ಆರು ಅಡಿ ಎಂಟು ಅಂಗುಲ ಎತ್ತರದ ಆರು ಚಾಲಕ ಚಕ್ರಗಳು, ಎರಡರ ಬದಲು ಮೂರು ಸಿಲಿಂಡರು, ಹೀಗೆ ಒಂದು ಹೊಸ ಬಗೆಯ ಎಂಜಿನ್ನನ್ನು ಯೋಚಿಸಿದರು. ಎರಡು ಸಿಲಿಂಡರು ಹೊರಗೆ ಕಾಣುವಂತೆ, ಮೂರನೆಯದು ಚೌಕಟ್ಟಿನ ನಡುವೆ ಅಡಗಿ. ಆ ಒಳಗಿನ ಸಿಲಿಂಡರಿಗೆ ಉಗಿ ಬಿಡುವ ಕವಾಟಕ್ಕೆ ಬೇರೆ ಯಂತ್ರವನ್ನೇ ಇಡದೆ, ಹೊರಗಿನ ಎರಡರ ಚಲನೆಯನ್ನು ಸನ್ನೆಗೋಲುಗಳ ಮೂಲಕ ಕೂಡಿಸಿ ಅದರಿಂದಲೇ ಮೂರನೆಯದನ್ನೂ ಆಡಿಸಿದ್ದು ಅವರ ಜಾಣ್ಮೆ. ಈ ಜಾತಿಯ ಮೊದಲ ಎರಡು ಎಂಜಿನ್ನುಗಳು ೧೯೨೨ರಲ್ಲಿಯೇ ಹೊರಬಂದವು. ಮೂರನೆಯದು ಬಂದದ್ದು ೧೯೨೩ರ ಫೆಬ್ರವರಿ ೨೪ರಂದು. ಅಷ್ಟರಲ್ಲಿ ಬ್ರಿಟನ್ನಿನ ನೂರಾರು ಸಣ್ಣ ದೊಡ್ಡ ರೈಲ್ವೆ ಕಂಪನಿಗಳನ್ನು ನಾಲ್ಕೇ ಕಂಪನಿಗಳಾಗಿ ಒಗ್ಗೂಡಿಸಿ ಎರಡು ತಿಂಗಳೂ ಆಗಿರಲಿಲ್ಲ. ಆದ್ದರಿಂದ ಹೊಸದಾಗಿ ಹುಟ್ಟಿದ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ಕಂಪನಿಗೆ ಇದೇ ಚೊಚ್ಚಲ ಕೂಸು. ಆದರೂ ಅದಕ್ಕೆ ನಾಮಕರಣವಾಗಿರಲಿಲ್ಲ. ೧೪೭೨ ಎಂಬ ಬರಿಯ ನಂಬರು, ಅಷ್ಟೆ.

ಹೆಸರು ಬಂದದ್ದು ಜಾತ್ರೆಗಾಗಿ. ೧೯೨೪ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಬ್ರಿಟಿಷ್ ಸಾಮ್ರಾಜ್ಯದ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿಗೆ ಕಳಿಸಲೆಂದು ಈ ಎಂಜಿನ್ನನ್ನು ಆರಿಸಿ, ಎಳೆಸೇಬಿನ ಹಸಿರು ಬಣ್ಣ ಬಳಿದು, ನಂಬರನ್ನು ೪೪೭೨ ಎಂದು ಬದಲಿಸಿ, ಚಕ್ರದ ಮೇಲಿನ ಬಾಗಿದ ತಗಡಿಗೆ ಹಿತ್ತಾಳೆಯ ಅಕ್ಷರಗಳ ಫಲಕ ಜಡಿದರು. ಅದರ ಪಕ್ಕದಲ್ಲಿಯೇ ಪ್ರತಿಸ್ಪರ್ಧಿ ಗ್ರೇಟ್ ವೆಸ್ಟರ್ನ್ ಕಂಪನಿಯ ‘ಕೇರ್‌ಫಿಲಿ ಕ್ಯಾಸಲ್’ ಎಂಬ ಎಂಜಿನ್ನು ನಿಂತಿತ್ತು. ಗಾತ್ರದಲ್ಲಿ ಅದು ಚಿಕ್ಕದು. ಆದರೆ ಬ್ರಿಟನ್ನಿನಲ್ಲೆಲ್ಲ ಹೆಚ್ಚಿನ ಎಳೆತದ ಪ್ಯಾಸೆಂಜರ್ ಎಂಜಿನ್ನು ತಮ್ಮದೇ ಎಂದು ಅದರ ಒಡೆಯರು ಹೇಳಿಕೊಳ್ಳುತ್ತಿದ್ದರು. ಮರುವರ್ಷದ ಪ್ರದರ್ಶನಕ್ಕೆ ಅದರ ತಮ್ಮನಾದ ‘ಪೆಂಡೆನಿಸ್ ಕ್ಯಾಸಲ್’ ಬಂದು ಪಕ್ಕದಲ್ಲಿ ನಿಂತಿತು. ಈ ಪೆಂಡೆನಿಸ್ ಕ್ಯಾಸಲಿನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಬರುತ್ತದೆ.

ಬಾಯಿಮಾತಿನ ಜಗಳ ಹಳಿಯ ಮೇಲೆಯೇ ತೀರ್ಮಾನವಾಗಲೆಂದು ಎರಡು ಕಂಪನಿಗಳೂ ೧೯೨೫ರಲ್ಲಿ ಎಂಜಿನ್ನುಗಳನ್ನು ಅದಲುಬದಲು ಮಾಡಿಕೊಂಡವು. ಫಲಿತಾಂಶ ಗ್ರೆಸ್ಲಿಯವರಿಗೆ ಹಿತವಾಗಿರಲಿಲ್ಲ. ಚಿಕ್ಕ ಎಂಜಿನ್ನು ದೊಡ್ಡದಕ್ಕಿಂತ ಕಡಿಮೆ ಕಲ್ಲಿದ್ದಲು ತಿಂದು ಅದೇ ಭಾರವನ್ನು ಅಷ್ಟೇ ಚೆನ್ನಾಗಿ ಎಳೆಯಿತು. ದೋಷವಿದ್ದದ್ದು ಕವಾಟಗಳಲ್ಲಿ. ಅವು ಸರಿಯುವ ದೂರ ಕಡಿಮೆಯಾದ್ದರಿಂದ ಉಗಿ ಸರಾಗವಾಗಿ ಒಳಹೋಗಿ ಸರಾಗವಾಗಿ ಹೊರಬರುತ್ತಿರಲಿಲ್ಲ. ಕೆಲಸ ಮುಗಿಸಿದ ಉಗಿಯೇ ಪಿಸ್ಟನ್ನಿಗೆ ಅಡ್ಡ ನಿಲ್ಲುತ್ತಿತ್ತು. ಸೋತವನು ಗೆದ್ದವನ ವಿದ್ಯೆಯನ್ನು ಕಲಿಯುವುದು ದೊಡ್ಡತನ. ಮುಂದಿನ ಎರಡು ಮೂರು ವರ್ಷಗಳಲ್ಲಿ ಗ್ರೆಸ್ಲಿಯವರ ಎಂಜಿನ್ನುಗಳಿಗೆಲ್ಲ ದೂರ ಸರಿಯುವ ಕವಾಟಗಳು ಬಂದವು, ಕಲ್ಲಿದ್ದಲ ಖರ್ಚು ಗಣನೀಯವಾಗಿ ಇಳಿಯಿತು. ಈ ಉಳಿತಾಯವಿಲ್ಲದಿದ್ದರೆ ೧೯೨೮ರ ಸಾಹಸ ಸಾಧ್ಯವೇ ಇರಲಿಲ್ಲ.

ಆ ಸಾಹಸವೆಂದರೆ ಲಂಡನ್ನಿನಿಂದ ಎಡಿನ್‌ಬರೊವರೆಗೆ ೩೯೨ ಮೈಲಿಗಳನ್ನು ನಡುವೆ ಎಲ್ಲಿಯೂ ನಿಲ್ಲದೆ ಓಡುವುದು. ಇದಕ್ಕೆ ಮೂರು ತೊಡಕುಗಳಿದ್ದವು: ಕಲ್ಲಿದ್ದಲು, ನೀರು, ಮನುಷ್ಯ. ಕಲ್ಲಿದ್ದಲನ್ನು ಟೆಂಡರಿನಲ್ಲಿ ಒಂಬತ್ತು ಟನ್ನು ತುಂಬಿಕೊಳ್ಳಬಹುದಾಗಿತ್ತು. ನೀರಿಗೆ ಹಿಂದಿನಿಂದಲೂ ಒಂದು ಉಪಾಯವಿತ್ತು. ದಾರಿಯಲ್ಲಿ ಅಲ್ಲಲ್ಲಿ ಎರಡು ಹಳಿಗಳ ನಡುವೆ ಉದ್ದನೆಯ ತೊಟ್ಟಿಗಳಲ್ಲಿ ನೀರು ನಿಲ್ಲಿಸಿರುತ್ತಿದ್ದರು. ಓಡುವ ಗಾಡಿಯಿಂದಲೇ ಟೆಂಡರಿನ ಅಡಿಯ ಸೌಟನ್ನು ಇಳಿಬಿಟ್ಟರೆ ವೇಗದ ಬಲಕ್ಕೆ ನೀರು ತಾನಾಗಿ ಮೇಲೇರಿ ತೊಟ್ಟಿ ತುಂಬುತ್ತಿತ್ತು. ಉಳಿದದ್ದು ಮನುಷ್ಯ. ಎಂಟು ಗಂಟೆಗೂ ಮೀರಿ ಒಬ್ಬನೇ ಡ್ರೈವರು ಕಣ್ಣು ಮಿಟುಕಿಸದೆ ಸಿಗ್ನಲು ನೋಡುತ್ತ ನಿಲ್ಲಲಾರ; ಒಬ್ಬನೇ ಫೈರ್‌ಮನ್ ಅಷ್ಟೂ ಹೊತ್ತು ಬೆಂಕಿಗೆ ಕಲ್ಲಿದ್ದಲು ಎರಚಲಾರ. ಗಾಡಿಯನ್ನು ನಿಲ್ಲಿಸದೆ ಆಳುಗಳನ್ನು ಬದಲಿಸುವುದು ಹೇಗೆ?

ಗ್ರೆಸ್ಲಿಯವರ ಉತ್ತರ ಸರಳವಾದದ್ದು. ಟೆಂಡರಿನ ಒಂದು ಪಕ್ಕದಲ್ಲಿ, ಕಲ್ಲಿದ್ದಲು ನೀರುಗಳ ಬದಿಯಿಂದ, ಹದಿನೆಂಟು ಅಂಗುಲ ಅಗಲ ಐದಡಿ ಎತ್ತರದ ಒಂದು ಓಣಿಯನ್ನು ಕೊರೆದರು. ಆ ಓಣಿ ಎಷ್ಟು ಕಿರಿದಾದರೂ ನಡೆದೀತೆಂದು ತಿಳಿಯಲು ಅವರು ಮನೆಯಲ್ಲಿ ಊಟದ ಕುರ್ಚಿಗಳನ್ನು ಗೋಡೆಯ ಪಕ್ಕ ಸಾಲಾಗಿಟ್ಟು ತಾವೇ ನುಸುಳಿ ನೋಡಿದರೆಂಬ ಕಥೆಯಿದೆ. ಗ್ರೆಸ್ಲಿಯವರು ಸ್ಥೂಲಕಾಯರು, ಅವರು ನುಸುಳಿದ ಕಡೆ ಯಾವ ಡ್ರೈವರಾದರೂ ನುಸುಳಿಯಾನು. ಎರಡನೆಯ ಜೋಡಿ ಮುಂದಿನ ಡಬ್ಬಿಯಲ್ಲಿ ವಿಶ್ರಮಿಸಿಕೊಂಡಿರುವುದು, ಅರ್ಧದಾರಿ ಬಂದೊಡನೆ ಆ ಓಣಿಯ ಮೂಲಕ ಎಂಜಿನ್ನಿಗೆ ಹೋಗಿ ಮೊದಲನೆಯವರನ್ನು ಬಿಡುಗಡೆ ಮಾಡುವುದು, ಹೀಗೆ ಏರ್ಪಾಟಾಯಿತು.

೧೯೨೮ರ ಮೇ ೧ರಂದು ೪೪೭೨ ಹೊರಟಿತು. ಕಿಂಗ್ಸ್ ಕ್ರಾಸಿನಿಂದ ಅದನ್ನು ಹೊರಡಿಸಿದವರು ಡ್ರೈವರ್ ಆಲ್ಬರ್ಟ್ ಪಿಬ್‌ವರ್ತ್. ನಡುದಾರಿಯಲ್ಲಿ ಓಣಿ ದಾಟಿ ಬಂದು ಕೈಗೆತ್ತಿಕೊಂಡವರು ಟಾಮ್ ಬ್ಲೇಡ್ಸ್. ಎಂಟು ಗಂಟೆ ಮೂರು ನಿಮಿಷಕ್ಕೆ ಗಾಡಿ ಎಡಿನ್‌ಬರೊ ಮುಟ್ಟಿತು, ಹೇಳಿದ್ದಕ್ಕಿಂತ ಹನ್ನೆರಡು ನಿಮಿಷ ಮೊದಲು. ಇದರಲ್ಲಿ ಒಂದು ತಮಾಷೆಯುಂಟು. ಇಷ್ಟೆಲ್ಲ ಸಿದ್ಧತೆ ಮಾಡಿದ ಗಾಡಿ ನಿಜವಾಗಿ ನಿಧಾನವಾಗಿಯೇ ಓಡುತ್ತಿತ್ತು. ೧೮೯೫ರಲ್ಲಿ ಸ್ಕಾಟ್ಲೆಂಡಿನ ದಾರಿಯಲ್ಲಿ ಪೈಪೋಟಿಗೆ ಬಿದ್ದು ರಾತ್ರಿಯ ಗಾಡಿಗಳನ್ನು ಹುಚ್ಚು ಹಿಡಿದವರಂತೆ ಓಡಿಸಿದ್ದ ಪೂರ್ವ ಪಶ್ಚಿಮ ದಾರಿಗಳ ಕಂಪನಿಗಳು, ಆಮೇಲೆ ವಿವೇಕ ಬಂದು, ಹಗಲಿನ ಗಾಡಿಗೆ ಎಂಟೂಕಾಲು ಗಂಟೆಗಿಂತ ಕಡಿಮೆ ವೇಳೆಯನ್ನು ಗೊತ್ತುಮಾಡಬಾರದೆಂದು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಆ ಒಪ್ಪಂದ ೧೯೩೨ರವರೆಗೆ ನಿಂತಿತ್ತು. ವೇಗ ಹೆಚ್ಚಿಸುವಂತಿಲ್ಲವಾದ್ದರಿಂದ ನಿಲ್ಲದೆ ಓಡುವುದೇ ಹೆಚ್ಚಳವಾಯಿತು. ಹೊತ್ತು ಹೋಗಬೇಕಲ್ಲ, ಗಾಡಿಯಲ್ಲಿಯೇ ಕ್ಷೌರದಂಗಡಿಯನ್ನು ತೆರೆದರು! ಓಡುವ ರೈಲಿನಲ್ಲಿ ಕತ್ತಿಗೆ ಗಲ್ಲ ಕೊಟ್ಟು ಕುಳಿತವರ ಧೈರ್ಯವನ್ನು ಮೆಚ್ಚಬೇಕು. ಹಳಿಯ ನಯದ ಬಗೆಗೆ ಕಂಪನಿಗಿದ್ದ ಭರವಸೆಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ವೇಗದ ಕೀರ್ತಿ ಬಂದದ್ದು ಆರು ವರ್ಷದ ಮೇಲೆ. ಜರ್ಮನಿಯಲ್ಲಿ ಬರ್ಲಿನ್ ಮತ್ತು ಹ್ಯಾಂಬರ್ಗ್ ನಡುವೆ ಡೀಸೆಲ್ ಗಾಡಿ ಹಾರಿದಂತೆ ಓಡುತ್ತಿದ್ದುದನ್ನು ಕಂಡು, ಉಗಿಯಿಂದ ಎಷ್ಟಾದೀತು ನೋಡೋಣವೆಂದು ಕಂಪನಿ ಹಠ ತೊಟ್ಟಿತು. ೧೯೩೪ರ ನವೆಂಬರ್ ೩೦ರಂದು ೪೪೭೨ಕ್ಕೆ ನಾಲ್ಕು ಡಬ್ಬಿ ಕಟ್ಟಿ ಲಂಡನ್ನಿನಿಂದ ಲೀಡ್ಸಿಗೆ ಕಳಿಸಿದರು. ಡ್ರೈವರು ವಿಲಿಯಂ ಸ್ಪಾರ್‌ಷಾಟ್, ವೇಗಕ್ಕೆ ಹೆದರದವರೆಂದು ಹೆಸರಾದ ಮನುಷ್ಯ. ೧೮೬ ಮೈಲಿಗೆ ಹತ್ತಿರದ ದಾರಿ ಎರಡು ಗಂಟೆ ಮೂವತ್ತೆರಡು ನಿಮಿಷದೊಳಗೆ ಮುಗಿಯಿತು. ಹಿಂದಿರುಗುವಾಗ ಇನ್ನೂ ಎರಡು ಡಬ್ಬಿ ಸೇರಿಸಿ, ಸ್ಟೋಕ್ ಎಂಬ ಇಳಿಜಾರಿನಲ್ಲಿ ಅವರು ರೆಗ್ಯುಲೇಟರನ್ನು ಬಿಗಿಯದೆ ಬಿಟ್ಟಾಗ ವೇಗ ಗಂಟೆಗೆ ನೂರು ಮೈಲಿ ಮುಟ್ಟಿತು.

ನೂರು ಮೈಲಿಯ ಮಾತು ಅದಕ್ಕೆ ಮೊದಲೇ ಕೇಳಿಬಂದಿತ್ತು. ೧೯೦೪ರಲ್ಲಿ ಗ್ರೇಟ್ ವೆಸ್ಟರ್ನ್ ಕಂಪನಿಯ ‘ಸಿಟಿ ಆಫ್ ಟ್ರೂರೊ’ ನೂರೆರಡು ಮೈಲಿ ಓಡಿತೆಂದು ಗಾಡಿಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದ ಪತ್ರಕರ್ತರೊಬ್ಬರು ಲೆಕ್ಕ ಹಾಕಿದ್ದರು. ಕೈಗಡಿಯಾರದ ಸಾಕ್ಷ್ಯವನ್ನು ಒಪ್ಪುವವರೂ ಉಂಟು, ಒಪ್ಪದವರೂ ಉಂಟು. ೪೪೭೨ರ ಹಿಂದೆ ಆ ದಿನ ಇದ್ದದ್ದು ಅಳತೆಯ ಡಬ್ಬಿ. ಅದರ ಒಂದು ಚಕ್ರ ಹಳಿಯ ಮೇಲೆ ಉರುಳಿದಂತೆ ಕಾಗದದ ಸುರುಳಿ ಜರುಗುತ್ತದೆ, ಲೇಖನಿಗಳು ತಾವಾಗಿ ಗೆರೆ ಎಳೆಯುತ್ತವೆ. ವಾದಕ್ಕೆ ಆಸ್ಪದವಿಲ್ಲದಂತೆ ನೂರು ಮೈಲಿ ದಾಖಲಾದ ಮೊದಲ ಉಗಿ ಎಂಜಿನ್ನು ಎಂಬ ಕೀರ್ತಿ ಹೀಗೆ ಇದಕ್ಕೆ ಸಂದಿತು. ಕೀರ್ತಿ ಬಹಳ ಕಾಲ ಒಂಟಿಯಾಗಿ ಉಳಿಯಲಿಲ್ಲ. ಗ್ರೆಸ್ಲಿಯವರೇ ಮುಂದೆ ರೂಪಿಸಿದ, ಮೀನಿನಂತೆ ನುಣುಪಾದ ಮೈಯ ‘ಮಲ್ಲಾರ್ಡ್’ ೧೯೩೮ರ ಜುಲೈ ೩ರಂದು ೧೨೬ ಮೈಲಿ ಓಡಿ ಅಣ್ಣನನ್ನು ಮರೆಸಿಬಿಟ್ಟಿತು. ಉಗಿ ಎಂಜಿನ್ನುಗಳಲ್ಲಿ ಆ ದಾಖಲೆಯನ್ನು ಮತ್ತೆ ಯಾವುದೂ ಮುರಿಯಲಿಲ್ಲ.

ಮುಂದಿನ ಕಾಲು ಶತಮಾನ ದುಡಿಮೆಯದು, ಹೆಚ್ಚು ಹೇಳಬೇಕಾದ್ದಿಲ್ಲ. ಯುದ್ಧಕಾಲದಲ್ಲಿ ಹಸಿರು ಹೋಗಿ ಕಪ್ಪು ಬಣ್ಣ ಬಂದಿತು. ೧೯೪೬ರಲ್ಲಿ ನಂಬರು ಮೊದಲು ೫೦೨ ಆಯಿತು, ಕೆಲವೇ ತಿಂಗಳಲ್ಲಿ ೧೦೩ ಆಯಿತು. ೧೯೪೭ರಲ್ಲಿ ಹೆಚ್ಚಿನ ಒತ್ತಡದ ಬಾಯ್ಲರು ಬಂದು ಅದು ಬೇರೆ ದರ್ಜೆಗೆ ಏರಿತು. ೧೯೪೮ರಲ್ಲಿ ರೈಲ್ವೆಗಳು ರಾಷ್ಟ್ರದ ಸ್ವತ್ತಾದ ಮೇಲೆ ೬೦೧೦೩ ಆಯಿತು. ಒಮ್ಮೆ ನೀಲಿ ಬಳಿದರು, ಮತ್ತೆ ಕಡುಹಸಿರು ಬಳಿದರು. ಕೊನೆಯ ವರ್ಷಗಳಲ್ಲಿ ಜೋಡಿ ಚಿಮಣಿ ಕೂಡಿಸಿದರು. ಹೊಗೆ ಡ್ರೈವರನ ಕಣ್ಣಿಗೆ ಅಡ್ಡ ಬರದಿರಲೆಂದು ೧೯೬೧ರಲ್ಲಿ ಮುಖದ ಎರಡು ಪಕ್ಕಕ್ಕೂ ತಗಡಿನ ರೆಕ್ಕೆ ಕಟ್ಟಿದರು. ಅದೇ ವರ್ಷ ಅದೇ ದಾರಿಗೆ ಬಲಿಷ್ಠವಾದ ಡೀಸೆಲ್ ಎಂಜಿನ್ನುಗಳೂ ಬಂದವು.

೧೯೬೩ರ ಜನವರಿ ೧೪ರಂದು, ಇಂಗ್ಲೆಂಡು ಹಿಮದಲ್ಲಿ ಹೂತುಹೋಗಿದ್ದ ಚಳಿಗಾಲದಲ್ಲಿ, ಅದು ಕಿಂಗ್ಸ್ ಕ್ರಾಸಿನಿಂದ ಕೊನೆಯ ಗಾಡಿಯನ್ನು ಎಳೆದುಕೊಂಡು ಹೊರಟಿತು. ಗಾಡಿ ಲೀಡ್ಸಿಗೆ, ಎಂಜಿನ್ನು ಡಾನ್‌ಕಾಸ್ಟರಿನವರೆಗೆ ಮಾತ್ರ. ಹುಟ್ಟಿದ ಕಾರ್ಖಾನೆಯ ಊರಿನಲ್ಲಿಯೇ ಅದನ್ನು ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿದರು. ದೇಶದ ಪರವಾಗಿ ಕಾಪಾಡಬೇಕಾದ ಎಂಜಿನ್ನುಗಳ ಪಟ್ಟಿಯೊಂದು ಸಿದ್ಧವಾಗಿತ್ತು. ಅದರಲ್ಲಿ ಮಲ್ಲಾರ್ಡ್ ಇತ್ತು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇರಲಿಲ್ಲ. ಅಭಿಮಾನಿಗಳು ಚಂದಾ ಎತ್ತಲು ಹೊರಟರು, ಮೂರು ಸಾವಿರ ಪೌಂಡು ಕೂಡಲಿಲ್ಲ. ಈ ಜಾತಿಯ ಎಪ್ಪತ್ತೊಂಬತ್ತು ಎಂಜಿನ್ನುಗಳಲ್ಲಿ ಉಳಿದ ಎಪ್ಪತ್ತೆಂಟೂ ಕುಲುಮೆಗೆ ಹೋದವು. ಇದೂ ಹೋಗುತ್ತಿತ್ತು.

ಇಲ್ಲಿ ಅಲನ್ ಪೆಗ್ಲರ್ ಬರುತ್ತಾರೆ. ೧೯೨೪ರ ವೆಂಬ್ಲಿ ಪ್ರದರ್ಶನಕ್ಕೆ ಹೋದ ಲಕ್ಷಾಂತರ ಮಂದಿಯಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನಿದ್ದ. ಹೊಳೆಯುವ ಹಸಿರು ಎಂಜಿನ್ನು ಅವನ ಕಣ್ಣಲ್ಲಿ ಉಳಿದುಬಿಟ್ಟಿತು. ಆ ಹುಡುಗನೇ ಬೆಳೆದು ರಬ್ಬರ್ ಉದ್ಯಮದ ಸಿರಿವಂತ ಮನೆಯ ಪೆಗ್ಲರ್ ಆದ. ಹಾಳುಬಿದ್ದ ರೈಲುಗಳನ್ನು ಎತ್ತಿ ನಿಲ್ಲಿಸುವ ಗೀಳು ಆಗಲೇ ಹತ್ತಿತ್ತು. ವೇಲ್ಸಿನ ಫೆಸ್ಟಿನಿಯಾಗ್ ಎಂಬ ಪುಟ್ಟ ಬೆಟ್ಟದ ರೈಲನ್ನು ೧೯೫೪ರಲ್ಲಿ ಅವರು ಉಳಿಸಿಕೊಟ್ಟಿದ್ದರು. ಈಗ ಸ್ವಂತ ಹಣದಿಂದ ೩,೦೦೦ ಪೌಂಡು ಕೊಟ್ಟು ಎಂಜಿನ್ನನ್ನು ಕೊಂಡರು. ಕೊಳ್ಳುವಾಗ ಒಂದು ಷರತ್ತನ್ನೂ ಬರೆಸಿಕೊಂಡರು: ಅದನ್ನು ನಿಲ್ಲಿಸಿ ಪೂಜೆ ಮಾಡುವುದಿಲ್ಲ, ರಾಷ್ಟ್ರದ ಹಳಿಗಳ ಮೇಲೆ ಗೊತ್ತಾದ ವರ್ಷಗಳವರೆಗೆ ಓಡಿಸುವ ಹಕ್ಕು ತಮಗಿರಬೇಕು. ಈ ಒಂದು ಸಾಲು ಮುಂದಿನದೆಲ್ಲಕ್ಕೂ ಬೀಜವಾಯಿತು. ೧೯೬೮ರ ಆಗಸ್ಟಿನಲ್ಲಿ ಬ್ರಿಟಿಷ್ ರೈಲ್ವೆ ತನ್ನ ಮುಖ್ಯ ಮಾರ್ಗಗಳಿಂದ ಉಗಿಯನ್ನು ಪೂರ್ತಿಯಾಗಿ ಬಹಿಷ್ಕರಿಸಿದಾಗ, ಇಡೀ ದೇಶದಲ್ಲಿ ಅಲ್ಲಿ ಓಡಲು ಅಪ್ಪಣೆಯಿದ್ದ ಉಗಿ ಎಂಜಿನ್ನು ಇದೊಂದೇ.

ಪೆಗ್ಲರ್ ಅದರ ರೆಕ್ಕೆ ಬಿಚ್ಚಿಸಿ, ಒಂಟಿ ಚಿಮಣಿ ಹಾಕಿಸಿ, ಎಳೆಸೇಬಿನ ಹಸಿರು ಬಳಿಸಿ, ಹಳೆಯ ೪೪೭೨ ಎಂಬ ನಂಬರನ್ನೇ ಬರೆಸಿದರು. ಓಣಿಯಿದ್ದ ಟೆಂಡರನ್ನು ದೊರಕಿಸಿ ಜೋಡಿಸಿದರು. ದಾರಿಯ ನೀರಿನ ತೊಟ್ಟಿಗಳನ್ನು ರೈಲ್ವೆ ಕಿತ್ತುಹಾಕತೊಡಗಿದ್ದರಿಂದ ೧೯೬೬ರಲ್ಲಿ ನೀರಿಗೆಂದೇ ಎರಡನೆಯ ಟೆಂಡರು ಕೊಂಡರು. ೧೯೬೮ರ ಮೇ ೧ರಂದು, ಮೊದಲ ಸಾಹಸದ ನಲವತ್ತನೆಯ ವರ್ಷದ ದಿನ, ಲಂಡನ್ನಿನಿಂದ ಎಡಿನ್‌ಬರೊವರೆಗೆ ಮತ್ತೊಮ್ಮೆ ನಿಲ್ಲದೆ ಓಡಿಸಿದರು. ಒಂದೆರಡು ಕಡೆ ನಡೆಯುವವರ ವೇಗಕ್ಕೆ ಇಳಿದರೂ ಚಕ್ರ ನಿಲ್ಲಲಿಲ್ಲ.

ಅಲ್ಲಿಗೇ ತೃಪ್ತರಾಗಿದ್ದರೆ ಪೆಗ್ಲರ್ ಸುಖವಾಗಿರುತ್ತಿದ್ದರು. ಆದರೆ ಗೀಳು ಹಿಡಿದವರಿಗೆ ಎಲ್ಲೆ ಎಲ್ಲಿಯದು? ೧೯೬೯ರ ಸೆಪ್ಟೆಂಬರಿನಲ್ಲಿ ಅವರು ಎಂಜಿನ್ನನ್ನು ಹಡಗಿಗೇರಿಸಿ ಅಮೆರಿಕಕ್ಕೆ ಕೊಂಡೊಯ್ದರು. ಹೆರಾಲ್ಡ್ ವಿಲ್ಸನ್ ಅವರ ಸರ್ಕಾರದ ಬೆಂಬಲವಿತ್ತು. ಡಬ್ಬಿಗಳ ತುಂಬ ಬ್ರಿಟಿಷ್ ಕಂಪನಿಗಳ ಸರಕಿನ ಪ್ರದರ್ಶನ. ಅಲ್ಲಿನ ಕಾನೂನಿಗೆ ತಕ್ಕಂತೆ ಮುಂದುಗಡೆ ದನ ತಳ್ಳುವ ಜಾಲರಿ, ತಲೆಯ ಮೇಲೆ ಗಂಟೆ, ಬೇರೆ ಸಿಳ್ಳು! ಇಂಗ್ಲೆಂಡಿನ ದೊರೆಸಾನಿಗೆ ಪರದೇಶದ ಒಡವೆ ತೊಡಿಸಿದಂತಿತ್ತು. ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್, ಅಟ್ಲಾಂಟಾ, ಟೆಕ್ಸಸ್ ಎಂದು ಸಾಗಿತು. ಮರುವರ್ಷ ಕೆನಡಕ್ಕೂ ಹೋಯಿತು. ಉಗಿ ಎಂಜಿನ್ನಿನಿಂದ ಬೆಂಕಿ ಹತ್ತೀತೆಂದು ಕೆಲವು ರಾಜ್ಯಗಳು ತಕರಾರು ತೆಗೆದವು. ೧೯೭೦ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರ ಬದಲಾಯಿತು, ಹೊಸ ಸರ್ಕಾರ ಸಹಾಯವನ್ನು ನಿಲ್ಲಿಸಿತು. ಪೆಗ್ಲರ್ ಆಗಲಾದರೂ ಹಿಂದಿರುಗಬೇಕಿತ್ತು. ಅವರು ಸಾಲ ಮಾಡಿ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಹೋದರು. ಅಲ್ಲಿ ಮೀನುಗಾರರ ಕಟ್ಟೆಯ ಬಳಿ ಪ್ರವಾಸಿಗರನ್ನು ಅಷ್ಟು ದೂರ ಇಷ್ಟು ದೂರ ಕರೆದೊಯ್ದು ತರುವ ಕೆಲಸಕ್ಕೆ, ನೂರು ಮೈಲಿ ವೇಗದ ಎಂಜಿನ್ನು ಇಳಿಯಿತು. ಸಾಲ ೧ ಲಕ್ಷ ೩೨ ಸಾವಿರ ಪೌಂಡಿಗೆ ಏರಿ ೧೯೭೨ರಲ್ಲಿ ಅವರು ದಿವಾಳಿಯಾದರು. ಎಂಜಿನ್ನು ಕ್ಯಾಲಿಫೋರ್ನಿಯದ ಸೈನ್ಯದ ಡಿಪೋ ಒಂದರಲ್ಲಿ ನಿಂತಿತು. ಅದರ ಒಡೆಯ ಊರಿಗೆ ಮರಳಲು ಹಣವಿಲ್ಲದೆ, ವಿಹಾರದ ಹಡಗೊಂದರಲ್ಲಿ ಪ್ರಯಾಣಿಕರಿಗೆ ರೈಲಿನ ಬಗ್ಗೆ ಉಪನ್ಯಾಸ ಮಾಡಿ, ಅದನ್ನೇ ಪ್ರಯಾಣದ ಬಾಡಿಗೆಯಾಗಿ ತೀರಿಸಿ ಬಂದರು.

ಸಾಲಗಾರರು ಎಂಜಿನ್ನನ್ನು ಕತ್ತರಿಸಿ ಮಾರಿಬಿಟ್ಟಾರೆಂಬ ಭಯ ಎಲ್ಲರಿಗೂ ಇತ್ತು. ೧೯೭೩ರ ಜನವರಿಯಲ್ಲಿ ಕಟ್ಟಡ ನಿರ್ಮಾಣದ ಹೆಸರಾಂತ ಮನೆತನದ ವಿಲಿಯಂ ಮೆಕಾಲ್ಪೈನ್ ೨೫,೦೦೦ ಪೌಂಡು ಕೊಟ್ಟು ಬಿಡಿಸಿಕೊಂಡರು. ಪನಾಮಾ ಕಾಲುವೆಯ ದಾರಿಯಾಗಿ ಅದು ಲಿವರ್‌ಪೂಲಿಗೆ ಬಂದಿಳಿಯಿತು. ರೇವಿನಿಂದ ಡರ್ಬಿಯ ಕಾರ್ಖಾನೆಗೆ ಹೋಗುವ ದಾರಿಯುದ್ದಕ್ಕೂ ಜನ ಸೇರಿದ್ದರಂತೆ. ಇದರ ಒಡೆಯರಲ್ಲಿ ಲೆಕ್ಕ ಬಲ್ಲವರು ಮೆಕಾಲ್ಪೈನ್. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನು ಸಾಕಿದರು, ಓಡಿಸಿದರು, ತಾವು ಮುಳುಗಲಿಲ್ಲ.

೧೯೮೮ರಲ್ಲಿ ಅವರ ಕಾಲದಲ್ಲಿಯೇ ಅದು ಆಸ್ಟ್ರೇಲಿಯಕ್ಕೆ ಹೋಯಿತು. ಅಲ್ಲಿ ೨೮,೦೦೦ ಮೈಲಿಗೂ ಹೆಚ್ಚು ಓಡಿತು. ೧೯೮೯ರ ಆಗಸ್ಟ್ ೮ರಂದು ನ್ಯೂ ಸೌತ್ ವೇಲ್ಸಿನ ಪಾರ್ಕ್ಸ್ ಎಂಬ ಊರಿನಿಂದ ಬ್ರೋಕನ್ ಹಿಲ್ಲಿನವರೆಗೆ ೪೨೨ ಮೈಲಿಯನ್ನು ನಿಲ್ಲದೆ ಓಡಿ ಉಗಿ ಎಂಜಿನ್ನುಗಳ ವಿಶ್ವದಾಖಲೆಯನ್ನೇ ಮಾಡಿತು. ಎಡಿನ್‌ಬರೊದ ದಾರಿಗಿಂತ ಮೂವತ್ತು ಮೈಲಿ ಹೆಚ್ಚು, ಅದೂ ಅರವತ್ತಾರನೆಯ ವಯಸ್ಸಿನಲ್ಲಿ. ದಾಖಲೆಗಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಅದೇ ವರ್ಷ ಪಶ್ಚಿಮ ಕರಾವಳಿಯ ಪರ್ತ್ ನಗರದಲ್ಲಿ ಆದ ಒಂದು ಭೇಟಿ. ಪೆಂಡೆನಿಸ್ ಕ್ಯಾಸಲನ್ನು ಓದುಗರು ಮರೆತಿರಲಾರರು. ಅದೂ ಕುಲುಮೆಯಿಂದ ತಪ್ಪಿಸಿಕೊಂಡು, ೧೯೭೭ರಲ್ಲಿ ಆಸ್ಟ್ರೇಲಿಯದ ಗಣಿ ಕಂಪನಿಯೊಂದರ ಪಾಲಾಗಿ, ಕೆಂಪು ಮಣ್ಣಿನ ಆ ದೂರದ ನಾಡಿನಲ್ಲಿ ಇತ್ತು. ೧೯೨೫ರ ಲಂಡನ್ನಿನ ಜಾತ್ರೆಯಲ್ಲಿ ಪಕ್ಕಪಕ್ಕ ನಿಂತು ಯಾರು ಮೇಲೆಂದು ಜಗಳವಾಡಿದ್ದ ಎರಡು ಎಂಜಿನ್ನುಗಳು ಅರವತ್ತನಾಲ್ಕು ವರ್ಷದ ತರುವಾಯ, ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ಮತ್ತೆ ಪಕ್ಕಪಕ್ಕ ನಿಂತವು.

೧೯೯೬ರಲ್ಲಿ ಎಂಜಿನ್ನು ಟೋನಿ ಮಾರ್ಚಿಂಗ್ಟನ್ ಎ೦ಬ ಜೀವವಿಜ್ಞಾನದ ಉದ್ಯಮಿಯ ಕೈಗೆ ಬಂದಿತು. ಅವರು ದುಡ್ಡು ಸುರಿದು ೧೯೯೯ರಲ್ಲಿ ಅದನ್ನು ಮತ್ತೆ ಹಳಿಗೆ ತಂದರು, ಕಂಪನಿ ಕಟ್ಟಿ ಷೇರು ಮಾರಿದರು. ೨೦೦೩ರಲ್ಲಿ ಅವರೂ ದಿವಾಳಿಯಾದರು. ಪೆಗ್ಲರರ ಕಥೆಯೇ, ಅಂಕಿಗಳು ಮಾತ್ರ ದೊಡ್ಡವು. ಈಗ ಅದು ಪರದೇಶದವರ ಪಾಲಾದೀತೆಂದು ಕೂಗೆದ್ದಿತು. ೧೯೬೩ರಲ್ಲಿ ಮೂರು ಸಾವಿರ ಪೌಂಡು ಕೂಡಿಸಲಾರದೆ ಹೋಗಿದ್ದ ಜನರೇ, ಅಥವಾ ಅವರ ಮಕ್ಕಳೇ, ೨೦೦೪ರಲ್ಲಿ ೩ ಲಕ್ಷ ೬೫ ಸಾವಿರ ಪೌಂಡು ಕೊಟ್ಟರು. ಜನ ಕೊಟ್ಟಷ್ಟನ್ನು ತಾನೂ ಕೊಡುವೆನೆಂದಿದ್ದ ರಿಚರ್ಡ್ ಬ್ರಾನ್ಸನ್ ಅಷ್ಟನ್ನೂ ಕೊಟ್ಟರು. ದೊಡ್ಡ ಪಾಲು ರಾಷ್ಟ್ರೀಯ ಪರಂಪರೆ ನಿಧಿಯಿಂದ ಬಂದಿತು. ಎಂಜಿನ್ನು ಕೊನೆಗೂ ಯಾರೊಬ್ಬರ ಸ್ವತ್ತೂ ಅಲ್ಲದೆ ದೇಶದ್ದಾಯಿತು.

ದೇಶದ್ದಾದೊಡನೆ ಕಷ್ಟ ತೀರಲಿಲ್ಲ. ೨೦೦೬ರಲ್ಲಿ ಬಿಚ್ಚಿದ ಎಂಜಿನ್ನು ಕೂಡಿಕೊಳ್ಳಲು ಹತ್ತು ವರ್ಷ ಹಿಡಿಯಿತು. ೨೦೧೧ರಲ್ಲಿ ಯುದ್ಧಕಾಲದ ಕಪ್ಪು ಬಣ್ಣ ಬಳಿದು ಜನರ ಮುಂದೆ ನಿಲ್ಲಿಸಿ, ಇನ್ನೇನು ಓಡುತ್ತದೆ ಎಂದರು. ಆಮೇಲೆ ನೋಡಿದರೆ ಚೌಕಟ್ಟಿನಲ್ಲಿ ಬಿರುಕುಗಳು. ಮತ್ತೆ ಬಿಚ್ಚಿದರು. ಹಳೆಯ ಮನೆಯ ಒಂದು ಹೆಂಚು ಸರಿಮಾಡಲು ಹತ್ತಿದವನಿಗೆ ತೊಲೆಯೂ ಹುಳುಕೆಂದು ತಿಳಿದಂತೆ ಆಯಿತು. ಇಷ್ಟು ಹಣ ಸುರಿಯುವ ಬದಲು ಅದಕ್ಕೆ ಬಣ್ಣ ಹಚ್ಚಿ ಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಮಲ್ಲಾರ್ಡಿನ ಪಕ್ಕ ನಿಲ್ಲಿಸಬಾರದೆ ಎಂದು ಕೇಳುವುದು ಸಹಜ. ಇನ್ನೂ ಕಠಿನವಾದ ಒಂದು ಪ್ರಶ್ನೆಯೂ ಉಂಟು: ೧೯೨೩ರಲ್ಲಿ ಡಾನ್‌ಕಾಸ್ಟರಿನಿಂದ ಹೊರಬಂದ ಎಂಜಿನ್ನು ಇದೇಯೇ?

ಉಗಿ ಎಂಜಿನ್ನುಗಳ ಕಾರ್ಖಾನೆಯ ಪದ್ಧತಿಯನ್ನು ಬಲ್ಲವರು ಈ ಪ್ರಶ್ನೆಗೆ ನಕ್ಕಾರು. ಬಾಯ್ಲರಿನ ದುರಸ್ತಿಗೆ ಹಿಡಿಯುವಷ್ಟು ಕಾಲ ಚೌಕಟ್ಟು ಚಕ್ರಗಳ ದುರಸ್ತಿಗೆ ಹಿಡಿಯುವುದಿಲ್ಲ. ಆದ್ದರಿಂದ ಎಂಜಿನ್ನು ಒಳಗೆ ಬಂದೊಡನೆ ಅದರ ಬಾಯ್ಲರನ್ನು ಎತ್ತಿ ಬದಿಗಿಟ್ಟು, ಆಗಲೇ ದುರಸ್ತಿಯಾಗಿರುವ ಇನ್ನಾವುದೋ ಎಂಜಿನ್ನಿನ ಬಾಯ್ಲರನ್ನು ಕೂರಿಸಿ ಕಳಿಸಿಬಿಡುತ್ತಿದ್ದರು. ೪೪೭೨ ತನ್ನ ದುಡಿಮೆಯ ಕಾಲದಲ್ಲಿಯೇ ಹೀಗೆ ಎಷ್ಟೋ ಬಾಯ್ಲರುಗಳನ್ನು ಹೊತ್ತಿತ್ತು. ಹತ್ತು ವರ್ಷದ ದುರಸ್ತಿಯ ನಂತರ ಅದರ ಮೇಲೆ ಕೂತದ್ದು ‘ಸಾಮನ್ ಟ್ರೌಟ್’ ಎಂಬ, ಪಂದ್ಯದ ಕುದುರೆಯ ಹೆಸರಿಟ್ಟುಕೊಂಡಿದ್ದ, ಎಂದೋ ಗುಜರಿಗೆ ಹೋದ ಸೋದರ ಎಂಜಿನ್ನಿನ ಬಾಯ್ಲರು. ಬಣ್ಣ ಹಲವು ಸಲ ಬದಲಾಗಿದೆ, ನಂಬರು ಐದು, ಚಿಮಣಿ ಎರಡು ಬಗೆ. ೨೦೧೬ರಲ್ಲಿ ಅದನ್ನು ೬೦೧೦೩ ಎಂದು ಕಡುಹಸಿರಿನಲ್ಲಿ, ರೆಕ್ಕೆ ಸಮೇತ ಹೊರಡಿಸಿದಾಗ, ಎಳೆಸೇಬಿನ ಹಸಿರೇ ಅದರ ನಿಜವಾದ ಬಣ್ಣವೆಂದು ಹಲವರು ಮುನಿಸಿಕೊಂಡರು.

ನನಗೆ ನಮ್ಮ ಊರುಗಳ ತೇರು ನೆನಪಾಗುತ್ತದೆ. ಗಾಲಿ ಸವೆದರೆ ಹೊಸ ಗಾಲಿ ಕಡೆಯುತ್ತಾರೆ, ಅಚ್ಚು ಮುರಿದರೆ ಹೊಸ ಅಚ್ಚು ಕೂರಿಸುತ್ತಾರೆ, ಹಗ್ಗವಂತೂ ಎಷ್ಟು ಬದಲಾಯಿತೆಂದು ಲೆಕ್ಕವಿಟ್ಟವರಿಲ್ಲ. ಅಜ್ಜನ ಕಾಲದ ತೇರೇ ಇದು ಎಂದು ಹೇಳುವುದಕ್ಕೆ ಯಾರಿಗೂ ಅಳುಕಿಲ್ಲ. ವರ್ಷಕ್ಕೊಮ್ಮೆ ಅದನ್ನು ಎಳೆಯುತ್ತಾರೆ. ಎಳೆಯುವುದರಿಂದಲೇ ಅದು ಸವೆಯುತ್ತದೆ, ಎಳೆಯುವುದರಿಂದಲೇ ರಿಪೇರಿಯೂ ಆಗುತ್ತದೆ. ಎಳೆಯದೆ ಚಪ್ಪರದಡಿ ಬಿಟ್ಟ ತೇರಿಗೆ ಗೆದ್ದಲು ಹತ್ತಿದ್ದನ್ನು ನಾನು ಕಂಡಿದ್ದೇನೆ. ಹಾಗೆಂದು ವಸ್ತುಸಂಗ್ರಹಾಲಯದವರ ಪಕ್ಷದಲ್ಲಿ ಹುರುಳಿಲ್ಲವೆನ್ನಲಾರೆ. ಓಡಿದ ಒಂದೊಂದು ಮೈಲಿಗೂ ಗ್ರೆಸ್ಲಿಯವರ ಕಾಲದ ಕಬ್ಬಿಣ ಒಂದಿಷ್ಟು ಕಡಿಮೆಯಾಗುತ್ತದೆ, ಅದು ಮರಳಿ ಬರುವುದಿಲ್ಲ. ನೂರು ವರ್ಷದ ಹಿಂದಿನ ಕಮ್ಮಾರನ ಸುತ್ತಿಗೆಯ ಗುರುತನ್ನು ನೋಡಬೇಕೆನ್ನುವವನಿಗೆ ನಿಂತ ಎಂಜಿನ್ನೇ ಬೇಕು. ಆದರೂ ಮೂರು ಸಾವಿರ ಪೌಂಡನ್ನು ಎಣಿಸುವಾಗ ಓಡಿಸುವ ಹಕ್ಕನ್ನು ಬರೆಸಿಕೊಂಡ ಪೆಗ್ಲರರ ಕಡೆಗೇ ನನ್ನ ಒಲವು. ಆ ಹಕ್ಕು ಅವರ ಮನೆಯನ್ನು ಮುಳುಗಿಸಿತೆಂಬುದನ್ನು ಮರೆತು ಹೇಳುತ್ತಿರುವ ಮಾತಲ್ಲ.

ಪೆಗ್ಲರ್ ೨೦೧೨ರ ಮಾರ್ಚಿಯಲ್ಲಿ, ತೊಂಬತ್ತೆರಡಕ್ಕೆ ಒಂದು ತಿಂಗಳಿರುವಾಗ, ತೀರಿಕೊಂಡರು. ಎಂಜಿನ್ನು ಆಗ ಬಿಡಿ ಭಾಗಗಳಾಗಿ ಕಾರ್ಖಾನೆಯಲ್ಲಿ ಬಿದ್ದಿತ್ತು. ನಾಲ್ಕು ವರ್ಷದ ನಂತರ, ೨೦೧೬ರ ಫೆಬ್ರವರಿ ೨೫ರ ಬೆಳಿಗ್ಗೆ, ಅದು ಕಿಂಗ್ಸ್ ಕ್ರಾಸಿನಿಂದ ಯಾರ್ಕಿಗೆ ಹೊರಟಿತು. ಸೇತುವೆಗಳ ಮೇಲೆ, ಹೊಲಗಳ ಅಂಚಿನಲ್ಲಿ, ನಿಲ್ದಾಣಗಳಲ್ಲಿ ಸಾವಿರಾರು ಜನ. ಸೇಂಟ್ ನಿಯಟ್ಸ್ ಎಂಬಲ್ಲಿ ಫೋಟೋ ತೆಗೆಯುವ ಆತುರಕ್ಕೆ ಕೆಲವರು ಬೇಲಿ ದಾಟಿ ಹಳಿಯ ಬಳಿಗೇ ಬಂದುಬಿಟ್ಟಿದ್ದರು. ಗಾಡಿ ನಿಂತಿತು. ಜನರನ್ನು ಸರಿಸಿದ ಮೇಲೆ ಮತ್ತೆ ಸಿಳ್ಳು ಹಾಕಿ, ತಡವಾಗಿಯೇ ಯಾರ್ಕು ಸೇರಿತು.